ಬೇಲಿ ಹಾರಿದವನಿಗೆ ದಂಡ, ಹಗೆ ಮಾರಿದವರಿಗೆ?

ಓದುಗರ ಪತ್ರ: ‘ಖಬೀಬ್ ನೂರ್ಮಗೊಮೆದೊವ್ ಮತ್ತು ಕಾನರ್ ಮೆಕ್‌ಗ್ರೆಗರ್ ನಡುವಿನ ಹಳೆಯ ಕಾದಾಟದ ವಿಡಿಯೊ ನೋಡಿದೆ. ಗೆದ್ದವನೇ ಬೇಲಿ ಹಾರಿ ಹೊಡೆಯಲು ಹೋಗುತ್ತಾನೆ! ಇದು ಕ್ರೀಡೆಯೇ? ಅವನಿಗೆ ಆಜೀವ ನಿಷೇಧ ಹಾಕಬೇಕಿತ್ತು. ಇಂಥದ್ದನ್ನು ಟಿ.ವಿ.ಯಲ್ಲಿ ತೋರಿಸಲೇಬಾರದು.’

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿಗೆ ಕಾರಣವಿದೆ. 2018ರ ಅಕ್ಟೋಬರ್ 6ರಂದು ಲಾಸ್ ವೇಗಸ್‌ನಲ್ಲಿ, ಕುಸ್ತಿ-ಮುಷ್ಟಿಯುದ್ಧ ಬೆರೆತ ಕಾದಾಟಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ 229ನೇ ಕೂಟದ ಕೊನೆಯಲ್ಲಿ ಖಬೀಬ್ ಪಂಜರದ ಬೇಲಿ ಹಾರಿ, ಮೆಕ್‌ಗ್ರೆಗರ್ ಬಳಗದ ಡಿಲ್ಲನ್ ಡ್ಯಾನಿಸ್ ಮೇಲೆ ಎರಗಿದ್ದು ತಪ್ಪು. ಖಬೀಬ್ ಬಳಗದ ಇಬ್ಬರು ಒಳಗೆ ನುಗ್ಗಿ, ಆಗಷ್ಟೇ ಸೋತು ದಣಿದಿದ್ದ ಮೆಕ್‌ಗ್ರೆಗರ್ ಮೇಲೆ ಕೈಮಾಡಿದ್ದು ಇನ್ನೂ ದೊಡ್ಡ ತಪ್ಪು. ಅದರಲ್ಲಿ ವಾದವಿಲ್ಲ.

ಆದರೆ ನೀವು ಕೊನೆಯ ಕೆಲವು ನಿಮಿಷಗಳನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದೀರಿ. ದಯವಿಟ್ಟು ಮೊದಲ ಸುತ್ತು ನೋಡಿ. ಮುಷ್ಟಿಯ ಕಡೆಗಲ್ಲ, ಕಾಲುಗಳ ಕಡೆ ಕಣ್ಣಿಡಿ. ಖಬೀಬ್ ಎದುರಾಳಿಯ ಕಾಲು ಹಿಡಿದು ಕೆಡವುತ್ತಾರೆ. ಮೆಕ್‌ಗ್ರೆಗರ್ ಬೇಲಿಗೆ ಬೆನ್ನು ಕೊಟ್ಟು ಏಳಲು ನೋಡುತ್ತಾರೆ. ಕೂತಲ್ಲಿಂದ ಏಳಬೇಕಾದರೆ ಒಂದು ಕೈ ನೆಲಕ್ಕೆ ಊರಬೇಕು, ಒಂದು ಪಾದ ಸೊಂಟದ ಕೆಳಗೆ ಬರಬೇಕು. ಖಬೀಬ್ ಈ ಎರಡನ್ನೂ ಕಿತ್ತುಕೊಳ್ಳುತ್ತಾರೆ. ತಮ್ಮ ಕಾಲುಗಳಿಂದ ಎದುರಾಳಿಯ ಎರಡೂ ಕಾಲುಗಳನ್ನು ಸುತ್ತಿ ಕಟ್ಟಿಹಾಕುತ್ತಾರೆ, ಊರಿದ ಕೈಯ ಮಣಿಕಟ್ಟಿಗೆ ಕೈ ಹಾಕುತ್ತಾರೆ. ಮಣಿಕಟ್ಟು ಬಿಡಿಸಿಕೊಳ್ಳಲು ಹೋದರೆ ಊರುಗೋಲು ಹೋಯಿತು. ಊರಿದ ಕೈ ಹಾಗೇ ಬಿಟ್ಟರೆ ಮುಖ ಕಾಯಲು ಉಳಿಯುವುದು ಒಂದೇ ಕೈ. ಜೊತೆಗೆ ಎದೆಯ ಭಾರವೆಲ್ಲ ಮೇಲೆ. ಐದು ನಿಮಿಷದ ಸುತ್ತಿನಲ್ಲಿ ಹೊಡೆತಕ್ಕಿಂತ ಹೆಚ್ಚಾಗಿ ಶಕ್ತಿ ಹೀರುವುದು ಈ ಭಾರವೇ. ಎರಡನೇ ಸುತ್ತಿನಲ್ಲಿ ಮುಷ್ಟಿಯುದ್ಧಕ್ಕೆ ಹೆಸರಾದ ಮೆಕ್‌ಗ್ರೆಗರ್ ಅವರನ್ನೇ ಖಬೀಬ್ ಬಲಗೈ ಹೊಡೆತದಿಂದ ಕೆಡವಿದರು. ಮೂರನೆಯದರಲ್ಲಿ ಮೆಕ್‌ಗ್ರೆಗರ್ ಚೇತರಿಸಿಕೊಂಡು ಚೆನ್ನಾಗಿಯೇ ಆಡಿದರು. ನಾಲ್ಕನೆಯದರಲ್ಲಿ, 3 ನಿಮಿಷ 3 ಸೆಕೆಂಡಿಗೆ, ಸೋಲೊಪ್ಪಿ ಕೈತಟ್ಟಿದರು.

ಖಬೀಬ್ ತೋಳು ಸುತ್ತಿ ಹಾಕಿದ ಆ ಕೊನೆಯ ಪಟ್ಟನ್ನು ನಿಧಾನಗತಿಯಲ್ಲಿ ನೋಡಿ. ತೋಳು ಗದ್ದದ ಕೆಳಗೆ ಇಳಿದಿದ್ದರೆ ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿ, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಿತ್ತು. ಇಲ್ಲಿ ತೋಳು ದವಡೆಗೆ ಅಡ್ಡ ಕೂತಿದೆ. ಹಾಗಾಗಿ ರಕ್ತದ ಓಟ ನಿಲ್ಲುವುದಿಲ್ಲ, ಬದಲಿಗೆ ದವಡೆಯೂ ಕತ್ತಿನ ಮೂಳೆಯೂ ತಿರುಚಿಕೊಳ್ಳುತ್ತವೆ. ಇದನ್ನು ವಿವರಿಸಲು ಒಂದು ವಾಹಿನಿಯಾದರೂ ಅರ್ಧ ಗಂಟೆ ಕೊಟ್ಟಿತೇ? ಬೇಲಿ ಹಾರಿದ ದೃಶ್ಯ ಮಾತ್ರ ದಿನಗಟ್ಟಲೆ ಓಡಿತು. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಿಂದ ಜನರ ತಲೆಯಲ್ಲಿ ಉಳಿದದ್ದು ಜಿದಾನ್ ತಲೆಯಿಂದ ಗುದ್ದಿದ್ದು. ಅದೇ ಪಂದ್ಯದಲ್ಲಿ ಅವರು ಪೆನಾಲ್ಟಿಯನ್ನು ಎಷ್ಟು ಸೊಗಸಾಗಿ ಒಳಸೇರಿಸಿದರು ಎಂಬುದು ಎಷ್ಟು ಜನರಿಗೆ ನೆನಪಿದೆ?

ಆಜೀವ ನಿಷೇಧದ ಮಾತಿಗೆ ಬರೋಣ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಇಂಥ ಕಾದಾಟಗಳಿಗೆ ಪರವಾನಗಿ ಕೊಡುವ ಆಯೋಗವೇ 1997ರಲ್ಲಿ, ಎದುರಾಳಿ ಹೋಲಿಫೀಲ್ಡ್ ಕಿವಿ ಕಚ್ಚಿದ ಬಾಕ್ಸರ್ ಮೈಕ್ ಟೈಸನ್ ಅವರ ಪರವಾನಗಿ ರದ್ದು ಮಾಡಿ 30 ಲಕ್ಷ ಡಾಲರ್ ದಂಡ ಹಾಕಿತ್ತು. ಮರುವರ್ಷವೇ ಪರವಾನಗಿ ವಾಪಸ್ ಬಂತು. ಕಾದಾಟದ ನಡುವೆ ಎದುರಾಳಿಯ ಕಿವಿ ಹರಿದವರಿಗೇ ಅಷ್ಟಾದರೆ ಖಬೀಬ್‌ಗೆ ಜೀವನಪೂರ್ತಿ ಯಾಕೆ? 2019ರ ಜನವರಿಯಲ್ಲಿ ಅವರಿಗೆ 5 ಲಕ್ಷ ಡಾಲರ್ ದಂಡ, ಒಂಬತ್ತು ತಿಂಗಳ ಅಮಾನತು. ಮೆಕ್‌ಗ್ರೆಗರ್‌ಗೆ 50 ಸಾವಿರ, ಆರು ತಿಂಗಳು. ಖಬೀಬ್ ಬಳಗದ ಇಬ್ಬರಿಗೆ ತಲಾ ಒಂದು ವರ್ಷ.

ಸಂಘಟಕರಿಗೆ ಏನೂ ಇಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. 2018ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ನಲ್ಲಿ ಖಬೀಬ್ ಇದ್ದ ಬಸ್ಸಿನ ಕಿಟಕಿಗೆ ಮೆಕ್‌ಗ್ರೆಗರ್ ಸಾಮಾನು ಸಾಗಿಸುವ ಕೈಗಾಡಿ ಎಸೆದರು. ಗಾಜು ಸಿಡಿದು ಒಳಗಿದ್ದ ಕಾದಾಳುಗಳಾದ ಮೈಕೆಲ್ ಕಿಯೇಸಾ ಮುಖಕ್ಕೆ, ರೇ ಬೋರ್ಗ್ ಕಣ್ಣಿಗೆ ಗಾಯವಾಗಿ ಇಬ್ಬರ ಕಾದಾಟವೂ ರದ್ದಾಯಿತು. ಮೆಕ್‌ಗ್ರೆಗರ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಅದೇ ದೃಶ್ಯವನ್ನು ಯುಎಫ್‌ಸಿ ತನ್ನ ಪ್ರಚಾರದ ತುಣುಕಿಗೆ ಬಳಸಿತು! ಖಬೀಬ್ ಅವರ ತಂದೆ, ಧರ್ಮ, ದೇಶ ಎಲ್ಲವನ್ನೂ ಎಳೆದು ತಂದ ಮೆಕ್‌ಗ್ರೆಗರ್ ಬೈಗುಳವನ್ನು ವೇದಿಕೆ ಹಾಕಿ, ಮೈಕು ಕೊಟ್ಟು ಪ್ರಸಾರ ಮಾಡಿತು. ಟಿಕೆಟ್‌ನಿಂದಲೇ 1.7 ಕೋಟಿ ಡಾಲರ್ ಮೀರಿ ಬಂತು. ಹಣ ಕೊಟ್ಟು ಮನೆಯಲ್ಲಿ ನೋಡಿದ ಖರೀದಿ 24 ಲಕ್ಷ ಎಂದು ಸಂಸ್ಥೆಯೇ ಹೇಳಿಕೊಂಡಿತು. ಆರು ತಿಂಗಳು ಹಗೆಗೆ ಗಾಳಿ ಊದಿದವರು, ಅದು ಹತ್ತಿಕೊಂಡ ರಾತ್ರಿ ಆಟಗಾರರತ್ತ ಬೆರಳು ತೋರಿಸುತ್ತಾರೆ. ನೀವೂ ಅದೇ ಬೆರಳನ್ನು ಹಿಂಬಾಲಿಸಿದ್ದೀರಿ, ಅದೇ ನನಗೆ ಬೇಸರ.

ಪ್ರಸಾರ ನಿಲ್ಲಿಸಿದರೆ ಕಳೆದುಹೋಗುವುದು ಕಸುಬು. ಹಗೆ ಬೇರೆ ಕಿಟಕಿಯಿಂದ ಬಂದೇ ಬರುತ್ತದೆ. ಅದರ ಬದಲು ಆಯೋಗ ಎರಡು ಷರತ್ತು ಹಾಕಲಿ. ಕಾದಾಟ ಮುಗಿದೊಡನೆ ಎರಡೂ ಬಳಗದ ನಡುವೆ ಕಾವಲು ನಿಲ್ಲಬೇಕು, ಸೋತವರ ಬಳಗ ತಮ್ಮ ಬಾಗಿಲಿಂದ ಹೊರಟ ಮೇಲೆಯೇ ಗೆದ್ದವರ ಬಳಗ ಒಳಗೆ ಬರಬೇಕು. ಹಾಗೆಯೇ ಅಪರಾಧದ ದೃಶ್ಯವನ್ನು ಪ್ರಚಾರಕ್ಕೆ ಬಳಸಿದ ಸಂಘಟಕರಿಗೆ ದಂಡವನ್ನು ಟಿಕೆಟ್ ವಸೂಲಿಯ ಪಾಲಾಗಿ ಹಾಕಬೇಕು, ಮತ್ತು ಅದನ್ನು ಕಟ್ಟುವವರೆಗೆ ಮುಂದಿನ ಪಂದ್ಯಕ್ಕೆ ಪರವಾನಗಿ ಕೊಡಬಾರದು.