ಆರೋಗ್ಯ ಯೋಜನೆಗಳಿಗೆ ಅರ್ಥಶಾಸ್ತ್ರದ ಸಂಶೋಧನೆಯಿಂದ ನಿಜವಾಗ್ಲೂ ಉಪಯೋಗ ಇದೆಯಾ?

ನೀವು ಕೇಳಿದ್ದು ಇಷ್ಟು: ಧಾರವಾಡದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೀರಿ, ಆರೋಗ್ಯದ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೀರಿ. ಆದರೆ ಇಂಥ ಸಂಶೋಧನೆಯಿಂದ ಆಸ್ಪತ್ರೆ, ಮುದುಕರ ಆರೈಕೆ, ಸರ್ಕಾರದ ಯೋಜನೆಗಳಲ್ಲಿ ಏನಾದರೂ ಬದಲಾಗುತ್ತಾ, ಇಲ್ಲಾ ವರದಿ ಕಪಾಟು ಸೇರುತ್ತಾ ಅನ್ನೋ ಅನುಮಾನ.

ನಾನು ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಆಸ್ಪತ್ರೆ ಖರ್ಚಿನ ಸಮೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬದಲಾಗುತ್ತದೆ ಅಂತಲೇ ನನ್ನ ಉತ್ತರ. ಆದರೆ ಯಾರನ್ನು ಯಾರ ಜೊತೆ ಹೋಲಿಸುತ್ತೀರಿ, ಬಿಲ್ಲಿನಲ್ಲಿ ಕಾಣದ ಖರ್ಚನ್ನು ಕೇಳುತ್ತೀರೋ ಇಲ್ಲವೋ, ಎಲ್ಲ ಅದರ ಮೇಲಿದೆ.

ಮೊದಲು ಹೋಲಿಕೆಯ ಮಾತು. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ನೋಡಿದ್ದೀರಲ್ವಾ? ತುಂಗಭದ್ರೆ ದಾಟಿದರೆ ದಾವಣಗೆರೆ ಜಿಲ್ಲೆಯ ಹರಿಹರ. ಸಂತೆ, ನೆಂಟಸ್ತಿಕೆ, ಕೂಲಿ ಎಲ್ಲ ಹೊಳೆಯ ಎರಡೂ ದಂಡೆಗೆ ಹರಡಿಕೊಂಡಿದೆ. ಆದರೆ ಸರ್ಕಾರದ ಲೆಕ್ಕದಲ್ಲಿ ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗ, ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದಾಗ ಮೊದಲು ಬಂದದ್ದು ಕಲಬುರಗಿ, ಬೆಳಗಾವಿ ವಿಭಾಗಗಳಿಗೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ದಕ್ಷಿಣದ ಜಿಲ್ಲೆಗಳಿಗೆ ಅದು ಆಮೇಲೆ ಬಂತು.

ಆರೋಗ್ಯ ಅರ್ಥಶಾಸ್ತ್ರಜ್ಞ ನೀರಜ್ ಸೂದ್, ಐಐಎಂ ಬೆಂಗಳೂರಿನ ಅರ್ನಬ್ ಮುಖರ್ಜಿ ಮತ್ತು ಅವರ ಜೊತೆಗಾರರು ಈ ಗಡಿಯನ್ನೇ ಬಳಸಿಕೊಂಡರು. ಯೋಜನೆ ಬಂದಿದ್ದ 300 ಹಳ್ಳಿ, ಗಡಿಯಾಚೆ ಇನ್ನೂ ಬಾರದಿದ್ದ 272 ಹಳ್ಳಿ. ಬದುಕು ಹೆಚ್ಚುಕಮ್ಮಿ ಒಂದೇ ಥರ, ವ್ಯತ್ಯಾಸ ಯೋಜನೆಯದ್ದು. ಫಲಿತಾಂಶ 2014ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32. ಗಡಿಯಾಚೆಯ ಬಡ ಕುಟುಂಬಗಳಲ್ಲಿ ಶೇ. 0.90. ಇದಕ್ಕಿಂತ ನನಗೆ ಇಷ್ಟವಾದ ಅಂಕಿ ಇನ್ನೊಂದಿದೆ. ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳನ್ನೂ ಅವರು ನೋಡಿದರು. ಅಲ್ಲಿ ಈಚೆ 0.56, ಆಚೆ 0.55. ಅಂದರೆ ಈಚೆಯ ನೀರು, ಗಾಳಿ, ಡಾಕ್ಟರು ಚೆನ್ನಾಗಿದ್ದರು ಅಂತ ಸಾವು ಕಡಿಮೆಯಾದದ್ದಲ್ಲ. ಕಾರ್ಡ್ ಇದ್ದವರಿಗೆ ಮಾತ್ರ ವ್ಯತ್ಯಾಸ ಆಗಿತ್ತು. ಹೀಗೆ ತಮ್ಮ ಉತ್ತರವನ್ನು ತಾವೇ ತಿರುಗಿ ಪರೀಕ್ಷಿಸುವುದನ್ನು ನೀವು ಎಂ.ಎ.ನಲ್ಲಿ ಕಲಿತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಹಾಗಂತ ವಿಮೆ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲೇ ಇನ್ನೊಂದು ದೊಡ್ಡ ಅಧ್ಯಯನ ಬೇರೆ ಮಾತು ಹೇಳಿತು. ವರ್ಷಕ್ಕೆ 30,000 ರೂಪಾಯಿ ತನಕ ಆಸ್ಪತ್ರೆ ಖರ್ಚು ಕೊಡುತ್ತಿದ್ದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಕಲಬುರಗಿ, ಮೈಸೂರು ಜಿಲ್ಲೆಗಳ 10,879 ಕುಟುಂಬಗಳಲ್ಲಿ ಪರೀಕ್ಷಿಸಿದರು. ಯಾರಿಗೆ ಪುಕ್ಕಟೆ, ಯಾರಿಗೆ ದುಡ್ಡಿಗೆ ಅನ್ನೋದನ್ನು ಲಾಟರಿ ಮೇಲೆ ತೀರ್ಮಾನಿಸಿದರು. ಜನ ವಿಮೆಗೇನೋ ಸೇರಿದರು. ಆದರೆ ಅವರು ಅಳೆದ ಆರೋಗ್ಯದ ವಿಷಯಗಳಲ್ಲಿ ಹೆಚ್ಚಿನವುಗಳಲ್ಲಿ ಬದಲಾವಣೆ ಕಾಣಲಿಲ್ಲ. ಎಷ್ಟೋ ಜನ ಕಾರ್ಡ್ ಬಳಸಲು ಹೋಗಿ ಬಳಸಲಾಗದೆ ವಾಪಸ್ ಬಂದಿದ್ದರು. ಕೆಲವರು ಕಾರ್ಡ್ ಒಯ್ಯೋದನ್ನು ಮರೆತಿದ್ದರು, ಕೆಲವರಿಗೆ ಎಲ್ಲಿ ಹೇಗೆ ಬಳಸಬೇಕು ಅಂತಲೇ ಗೊತ್ತಿರಲಿಲ್ಲ, ಕೆಲವು ಕಡೆ ಆಸ್ಪತ್ರೆಯವರೇ ತಗೊಳ್ಳಲಿಲ್ಲ. ಆದರೆ ಆರೋಗ್ಯಶ್ರೀಯಲ್ಲಿ ಹಳ್ಳಿಗಳ ಕಡೆ ಕ್ಯಾಂಪ್ ಮಾಡಿ ರೋಗಿಗಳನ್ನು ಗುರುತಿಸಿ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಎರಡೂ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಕಾರ್ಡಿಗಿಂತ ಕೈಹಿಡಿದು ಕರೆದೊಯ್ಯುವವರು ಮುಖ್ಯ ಅಂತ ನನಗೆ ಅನಿಸುತ್ತದೆ.

ಈಗ ಬಿಲ್ಲಿನಲ್ಲಿ ಕಾಣದ ಖರ್ಚು. ಬ್ಯಾಡಗಿ ಹತ್ತಿರದ ಒಂದು ಮನೆಯಲ್ಲಿ ಗಂಡನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು. ಖರ್ಚೆಷ್ಟಾಯ್ತು ಅಂತ ಕೇಳಿದೆ. "ಏನೂ ಖರ್ಚಾಗಿಲ್ರಿ, ಎಲ್ಲಾ ಕಾರ್ಡಿನ ಮ್ಯಾಲೇ ಆತು" ಅಂದರು ಆ ತಾಯಿ. ಫಾರ್ಮಿನಲ್ಲಿ ಸೊನ್ನೆ ಬರೆದು ಮುಂದಕ್ಕೆ ಹೋಗಬಹುದಿತ್ತು. ಹೋಗಿ ಬರೋದು ಹೇಗೆ, ಊಟ ಎಲ್ಲಿ, ಜೊತೆಗೆ ಯಾರಿದ್ದರು ಅಂತ ಒಂದೊಂದೇ ಕೇಳುತ್ತಾ ಹೋದೆ. ಆಗ ಹೊರಬಂತು. ಕಾಗದಪತ್ರ ಮುಗಿಯೋ ತನಕ ದಿನಾ ಓಡಾಟ. ಹೊರಗಿನಿಂದ ತಂದ ಔಷಧಿ. ಜೊತೆಗಿದ್ದ ಮಗನ ಕೂಲಿ ಹೋಯಿತು. ಮೆಣಸಿನಕಾಯಿ ಬಿಡಿಸುವ ಸುಗ್ಗಿ, ಇವರ ಕೂಲಿಯೂ ಹೋಯಿತು. ಸಂಘದಲ್ಲಿ ಸಾಲ ತಗೊಂಡರು. ಸಾಲಲಿಲ್ಲ ಅಂತ ಹಾಲು ಕೊಡುವ ಎಮ್ಮೆ ಮಾರಿದರು. ಎಮ್ಮೆ ಹೋದ ಮೇಲೆ ಡೇರಿಯಿಂದ ಬರುತ್ತಿದ್ದ ದುಡ್ಡೂ ನಿಂತಿತು. ಸರ್ಕಾರದ ಲೆಕ್ಕದಲ್ಲಿ ಇದು ಪೂರ್ತಿ ಉಚಿತ ಚಿಕಿತ್ಸೆ.

ಆರೈಕೆಯ ಲೆಕ್ಕವಂತೂ ಇನ್ನೂ ಹಿಂದೆ ಉಳಿದಿದೆ. ಲಕ್ವಾ ಹೊಡೆದು ಮಲಗಿದ ಮಾವನನ್ನು ನೋಡಿಕೊಳ್ಳಲು ಸೊಸೆ ಹೊಲಕ್ಕೆ ಹೋಗೋದು ಬಿಟ್ಟರೆ ಅದು ಯಾವ ಬಜೆಟ್ಟಿನಲ್ಲೂ ಖರ್ಚು ಅಂತ ಬರೋದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಆರೈಕೆಯ ಕೆಲಸ ಇದರ ಮೇಲೆ ಬೇರೆ. ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ನರ್ಸ್ ಬಂದರೆ ಸೊಸೆಗೆ ಎಷ್ಟು ದಿನದ ಕೂಲಿ ವಾಪಸ್ ಸಿಗುತ್ತದೆ ಅಂತ ಲೆಕ್ಕ ಹಾಕಬಹುದು. ಅಂಥ ಲೆಕ್ಕ ನಮ್ಮ ಜಿಲ್ಲೆಗಳಿಗೆ ತುಂಬಾ ಬೇಕಾಗಿದೆ.

ಸರ್ಕಾರ ಓದುತ್ತಾ ಅಂತ ಕೇಳಿದಿರಿ. ಕೆಲವನ್ನು ಓದುತ್ತದೆ, ಅದರಲ್ಲೂ ಅಧಿಕಾರಿ ಒಂದು ತೀರ್ಮಾನ ತಗೊಳ್ಳಲೇಬೇಕಾದ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು. ಆಯುಷ್ಮಾನ್ ಭಾರತ್‌ನ ಪ್ಯಾಕೇಜ್ ದರ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಆಸ್ಪತ್ರೆಗೆ ಕೊಡುವ ದುಡ್ಡು, ಕಡಿಮೆ, ಈ ರೇಟಿಗೆ ಗಿಟ್ಟಲ್ಲ ಅಂತ ಆಸ್ಪತ್ರೆಗಳು ಕೂಗಾಡುತ್ತಿದ್ದವು. ಒಂದೊಂದು ಚಿಕಿತ್ಸೆಗೆ ನಿಜವಾಗಿ ಎಷ್ಟು ತಗಲುತ್ತದೆ ಅಂತ ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ಅರ್ಥಶಾಸ್ತ್ರಜ್ಞರ ತಂಡ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಲೆಕ್ಕ ಹಾಕಿತು. 2019ರಲ್ಲಿ ದರ ಪರಿಷ್ಕರಣೆ ಆದಾಗ ಆ ಅಂಕಿಗಳನ್ನು ಬಳಸಿದರು. ಇಂಥ ಲೆಕ್ಕಾಚಾರಕ್ಕೆ ಅಂತ 2017ರಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ಎಚ್‌ಟಿಎಇನ್ ಅನ್ನುವ ವ್ಯವಸ್ಥೆಯೂ ಶುರುವಾಯಿತು. ಕೊಡುವ ದುಡ್ಡಿಗೆ ಯಾವ ಚಿಕಿತ್ಸೆ, ಯಾವ ಉಪಕರಣದಿಂದ ಜಾಸ್ತಿ ಜನರಿಗೆ ಜಾಸ್ತಿ ಆಯುಷ್ಯ ಸಿಗುತ್ತದೆ ಅಂತ ಅಲ್ಲಿ ತೂಗಿ ನೋಡುತ್ತಾರೆ.

ನಿಮ್ಮ ಪ್ರಾಜೆಕ್ಟಿಗೆ ನನ್ನ ಸಲಹೆ: ಹೊಸ ಸಮೀಕ್ಷೆಗೆ ಕೈ ಹಾಕುವ ಮೊದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 75ನೇ ಸುತ್ತಿನ ಆರೋಗ್ಯ ಸಮೀಕ್ಷೆಯ ಅಂಕಿಅಂಶ ಇಳಿಸಿಕೊಳ್ಳಿ. 2017-18ರದ್ದು, ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆ ಬಿಲ್ ಬೇರೆ, ಓಡಾಟ, ಊಟ, ವಸತಿ ಬೇರೆ ಮಾಡಿ ಕೇಳಿದ್ದಾರೆ. ದುಡ್ಡು ಎಲ್ಲಿಂದ ಹೊಂದಿಸಿದಿರಿ, ಉಳಿತಾಯವೋ ಸಾಲವೋ ಆಸ್ತಿ ಮಾರಿದ್ದೋ ಅಂತಲೂ ಇದೆ. ಗದಗ ಒಂದೇ ಜಿಲ್ಲೆಗೆ ಸ್ಯಾಂಪಲ್ ಸಾಲೋದಿಲ್ಲ, ರಾಜ್ಯದ ಮಟ್ಟದಲ್ಲಿ ಮಾಡಿ. ನಿಮ್ಮ ಊರಲ್ಲೇ ಪ್ರೊ. ಪಿ.ಆರ್. ಪಂಚಮುಖಿ ಕಟ್ಟಿದ ಸಿಎಂಡಿಆರ್ ಅನ್ನುವ ಸಂಶೋಧನಾ ಸಂಸ್ಥೆ ಇದೆ, ಅಲ್ಲಿನ ಹಳೆಯ ವರದಿಗಳನ್ನೂ ಕೇಳಿ ನೋಡಿ. ಆಮೇಲೆ ಜಿಲ್ಲಾಸ್ಪತ್ರೆಯ ಕಾರ್ಡ್ ಕೌಂಟರ್ ಹತ್ತಿರ ಅನುಮತಿ ತಗೊಂಡು ಕೂತುಕೊಳ್ಳಿ, ಯಾರು ಯಾಕೆ ವಾಪಸ್ ಹೋಗುತ್ತಿದ್ದಾರೆ ಅಂತ ಬರೆದುಕೊಳ್ಳಿ. ಪ್ರಶ್ನಾವಳಿ ತಯಾರಾದ ಮೇಲೆ ಇಲ್ಲೇ ಹಾಕಿ, ನಾನು ಓದಿ ಹೇಳುತ್ತೇನೆ.