ಮಾಲ್ಟಾದಲ್ಲಿ ಮಾತಿಗೆ ಜನ ಇಲ್ಲ. ಕನ್ನಡದವರ ಮನೆಗೆ ಸೇರಿಕೊಂಡರೆ ಸರಿಹೋಗುತ್ತಾ?

ಮೂವರು ಕನ್ನಡದ ಹುಡುಗರಿರುವ ಫ್ಲ್ಯಾಟಿಗೆ ನಾಲ್ಕನೆಯವರಾಗಿ ಸೇರಲೇ, ಇಲ್ಲಾ ಈಗಿರುವ ಒಂಟಿ ಕೋಣೆಯಲ್ಲೇ ಇರಲೇ ಅಂತ ಕೇಳಿದ್ದೀರಿ. ನಾನೂ ಹಾಗೇ ಒಂದು ಮನೆ ಸೇರಿದವನು. ಸೇರಬೇಡಿ ಅನ್ನಲ್ಲ, ಆದರೆ ಸ್ನೇಹಕ್ಕಾಗಿ ಸೇರಬೇಡಿ. ಈ ದ್ವೀಪದಲ್ಲಿ ಒಂದೇ ಮನೆಯಲ್ಲಿರುವ ಗೆಳೆಯರು ಮುಖ ತಿರುಗಿಸುವುದು ಗುಣದೋಷಕ್ಕಲ್ಲ, ಹೆಚ್ಚಾಗಿ ಕರೆಂಟು-ನೀರಿನ ಬಿಲ್ಲಿಗೆ. ನಮ್ಮ ಮನೆ ಒಡೆದದ್ದೂ ಅದಕ್ಕೇ. ಅದು ಹೇಗಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸೇರುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಕರೆಂಟು, ನೀರು ಎರಡರ ಬಿಲ್ಲೂ ಆರ್ಮ್ಸ್ ಅನ್ನುವ ಒಂದೇ ಸಂಸ್ಥೆಯಿಂದ, ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ಮನೆಗಳಿಗೆ ಎರಡು ದರ: ರೆಸಿಡೆನ್ಷಿಯಲ್ ಮತ್ತು ಡೊಮೆಸ್ಟಿಕ್. ನಮ್ಮ ಕಿವಿಗೆ ಎರಡೂ ಒಂದೇ ಕೇಳಿಸುತ್ತದೆ. ಅಗ್ಗದ್ದು ರೆಸಿಡೆನ್ಷಿಯಲ್. ಆ ಮನೆಯಲ್ಲಿ ಇಂತಿಷ್ಟು ಜನ ವಾಸ ಇದ್ದಾರೆ ಅಂತ ನೋಂದಾಯಿಸಿದ್ದರೆ ಮಾತ್ರ ಅದು ಸಿಗುತ್ತದೆ. ಯಾರ ಹೆಸರೂ ಇಲ್ಲದಿದ್ದರೆ ಡೊಮೆಸ್ಟಿಕ್ ದರ ಬೀಳುತ್ತದೆ, ಕಡಿಮೆ ಬಳಸುವವರಿಗೆ ತಲೆಲೆಕ್ಕದಲ್ಲಿ ಸಿಗುವ ರಿಯಾಯಿತಿಯೂ ಹೋಗುತ್ತದೆ. ಮಾಲೀಕನ ಹೆಸರಲ್ಲಿರುವ ಮೀಟರು ವರ್ಷಗಟ್ಟಲೆ ಹಾಗೇ ಇರುತ್ತದೆ. ಬಾಡಿಗೆಗೆ ಬಂದವರು ಬಿಲ್ಲಿನ ಒಟ್ಟು ಮೊತ್ತವನ್ನಷ್ಟೇ ನೋಡಿ ಹಂಚಿಕೊಳ್ಳುತ್ತಾರೆ, ಮೇಲೆ ಬರೆದಿರುವ ದರದ ಹೆಸರನ್ನೂ ಜನಸಂಖ್ಯೆಯನ್ನೂ ನೋಡುವುದಿಲ್ಲ. ನಾವು ನೋಡಲಿಲ್ಲ.

ನೀರಿನಲ್ಲಿ ಪೆಟ್ಟು ಇನ್ನೂ ಜೋರು. ತಲೆಗೆ ವರ್ಷಕ್ಕೆ 33 ಘನ ಮೀಟರ್, ಅಂದರೆ 33,000 ಲೀಟರ್ ಕಡಿಮೆ ದರದಲ್ಲಿ. ದಿನಕ್ಕೆ ಸುಮಾರು 90 ಲೀಟರ್. ಅದು ದಾಟಿದ ಮೇಲೆ ದರ ಮೂರು ಪಟ್ಟಿಗಿಂತ ಹೆಚ್ಚು. ನಾಲ್ವರಿದ್ದರೆ 132 ಘನ ಮೀಟರ್ ಸಿಗಬೇಕು. ದಾಖಲೆಯಲ್ಲಿ ಇಬ್ಬರೇ ಇದ್ದರೆ 66. ಆಗ ಒಬ್ಬೊಬ್ಬರಿಗೆ ದಿನಕ್ಕೆ 45 ಲೀಟರ್ ಮಾತ್ರ ಅಗ್ಗದಲ್ಲಿ. ಸ್ನಾನ, ಪಾತ್ರೆ, ಬಟ್ಟೆ, ಶೌಚ ಎಲ್ಲ ಅಷ್ಟರಲ್ಲಿ ಆಗದು. ಈ ದ್ವೀಪಕ್ಕೆ ನದಿ ಇಲ್ಲ, ನಲ್ಲಿ ನೀರಿನ ಅರ್ಧಕ್ಕಿಂತ ಹೆಚ್ಚು ಸಮುದ್ರದ ನೀರನ್ನು ಸೋಸಿ ಮಾಡಿದ್ದು. ದರ ಅದಕ್ಕೇ ಹೀಗೆ.

ಈಗ ಜಗಳ ಎಲ್ಲಿಂದ ಹುಟ್ಟುತ್ತದೆ ನೋಡಿ. ಜನವರಿಯಲ್ಲಿ ಒಬ್ಬ ಬಿಟ್ಟು ಹೋಗುತ್ತಾನೆ. ಅವನು ರಾತ್ರಿಯೆಲ್ಲ ಎಸಿಯಲ್ಲಿ ಬಿಸಿಗಾಳಿ ಹಾಕಿಕೊಂಡದ್ದರ ಬಿಲ್ಲು ಬರುವುದು ಮಾರ್ಚಿನಲ್ಲಿ. ಅಂದಾಜು ರೀಡಿಂಗ್ ಹಾಕಿದ್ದರೆ ನಿಜವಾದ ಲೆಕ್ಕ ಇನ್ನೂ ತಡ. ಅಷ್ಟರಲ್ಲಿ ಅವನು ಬೇರೆ ದೇಶದಲ್ಲಿರುತ್ತಾನೆ. ಉಳಿದವರಲ್ಲಿ ಒಬ್ಬ ಹೋಟೆಲಿನ ರಾತ್ರಿ ಪಾಳಿಯವನು, ಎಸಿ ಮುಟ್ಟಿಯೇ ಇಲ್ಲ ಅನ್ನುತ್ತಾನೆ. ಕರಾರು ಯಾರ ಹೆಸರಲ್ಲಿದೆಯೋ ಅವನ ಕುತ್ತಿಗೆಗೆ ಬೀಳುತ್ತದೆ. ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಮಾತು ನಿಲ್ಲುತ್ತದೆ.

ತಡೆಯುವುದು ಕಷ್ಟವಲ್ಲ, ಮೊದಲ ವಾರದಲ್ಲೇ ಮಾಡಬೇಕು ಅಷ್ಟೇ. ಬಾಡಿಗೆದಾರರು ಜನಸಂಖ್ಯೆ ನೋಂದಾಯಿಸಲು ಆರ್ಮ್ಸ್‌ನಲ್ಲಿ ಫಾರ್ಮ್ ಎಚ್ ಅಂತ ಇದೆ. ಮನೆಯಲ್ಲಿರುವ ಎಲ್ಲರ ಹೆಸರು, ಗುರುತಿನ ಚೀಟಿ ಸಂಖ್ಯೆ, ಸಹಿ ಹಾಕಿ ಕೊಡಿ. ಒಬ್ಬರು ಬಂದಾಗ, ಒಬ್ಬರು ಹೋದಾಗ ಮತ್ತೆ ಕೊಡಿ. ಮೀಟರುಗಳು ಸಾಮಾನ್ಯವಾಗಿ ಕಟ್ಟಡದ ಬಾಗಿಲ ಬಳಿ ಸಾಲಾಗಿರುತ್ತವೆ. ನಿಮ್ಮ ಮನೆಯ ಎರಡನ್ನೂ ಗುರುತಿಸಿಕೊಂಡು, ಯಾರು ಒಳಬಂದರೂ ಹೊರಹೋದರೂ ಆ ದಿನದ ಫೋಟೋ ತೆಗೆದು ಎಲ್ಲರಿಗೂ ಕಳಿಸಿ. ಹೋಗುವವನು ಆ ರೀಡಿಂಗ್‌ವರೆಗಿನ ಅಂದಾಜು ಹಣ ಇಟ್ಟೇ ಹೋಗಬೇಕು ಅಂತ ಸೇರುವಾಗಲೇ ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ ಅವಮಾನ ಅನ್ನಿಸುತ್ತದೆ.

ಕರಾರಿನ ವಿಷಯ. 2020ರ ಜನವರಿ 1ರಿಂದ ಇಲ್ಲಿ ಖಾಸಗಿ ಬಾಡಿಗೆಗೆ ಹೊಸ ಕಾಯ್ದೆ ಇದೆ, ಕರಾರನ್ನು ಹೌಸಿಂಗ್ ಅಥಾರಿಟಿಯಲ್ಲಿ ನೋಂದಾಯಿಸಲೇಬೇಕು. ಇಡೀ ಮನೆಯ ದೀರ್ಘಾವಧಿ ಕರಾರು ಕನಿಷ್ಠ ಒಂದು ವರ್ಷದ್ದು. ಒಂದು ವರ್ಷದ ಕರಾರಾದರೆ ಮೊದಲ ಆರು ತಿಂಗಳು ಬಿಡುವಂತಿಲ್ಲ, ಆಮೇಲೆ ರಿಜಿಸ್ಟರ್ಡ್ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಕೊಡಬೇಕು. ಕೋಣೆ ಲೆಕ್ಕದ ಕರಾರು ಬೇರೆ: ಆರು ತಿಂಗಳದ್ದು, ಒಂದು ವಾರದ ನೋಟಿಸ್ ಕೊಟ್ಟು ಬಿಡಬಹುದು. ಹೊಸದಾಗಿ ಬಂದವರಿಗೆ ನಾನು ಹೇಳುವುದು ಎರಡನೆಯದನ್ನೇ. ನಿಮ್ಮ ಹೆಸರಲ್ಲಿ, ನಿಮ್ಮ ಕೋಣೆಗೆ. ‘ಕರಾರಲ್ಲಿ ನಿನ್ನ ಹೆಸರು ಬೇಡ, ಸುಮ್ಮನೆ ಬಾ’ ಅನ್ನುವ ಮನೆಗೆ ಎಂಥ ಒಳ್ಳೆಯ ಹುಡುಗರಿದ್ದರೂ ಹೋಗಬೇಡಿ. ಐಡೆಂಟಿಟಾದಲ್ಲಿ ವಾಸದ ಕಾರ್ಡು ಮಾಡಿಸಲು ನೋಂದಣಿಯಾದ ಕರಾರು ಬೇಕೇ ಬೇಕು.

ಚಳಿಗಾಲದ ಬಗ್ಗೆ ಒಂದು ಮಾತು, ಬಿಲ್ಲಿಗೂ ಮನಸ್ಸಿಗೂ ಸೇರಿದ್ದು. ಇಲ್ಲಿನ ಮನೆಗಳು ಸುಣ್ಣಕಲ್ಲಿನವು, ಚಳಿ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಹೊರಗೆ 12 ಡಿಗ್ರಿ ಇದ್ದರೂ ಒಳಗೆ ಮೂಳೆಗೆ ಇಳಿಯುವುದು ಥಂಡಿ. ಗೋಡೆಗೆ ಬೂಸಲು ಬರುತ್ತದೆ. ಎಸಿಗೆ ಸುರಿಯುವ ಬದಲು ಎಲ್ಲರೂ ಸೇರಿ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಕೊಳ್ಳಿ. ಕಿಟಕಿ ಮುಚ್ಚಿ ದಿನಕ್ಕೆ ನಾಲ್ಕೈದು ಗಂಟೆ ಓಡಿಸಿ, ತೊಟ್ಟಿಯ ನೀರು ಚೆಲ್ಲಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬಿಸಿಲಿರುವ ಮಧ್ಯಾಹ್ನ ಕಿಟಕಿ ತೆರೆಯಿರಿ. ತೇವದ ಕೋಣೆಯಲ್ಲಿ ಒಬ್ಬರೇ ಕೂತಾಗ ಆಗುವ ಬೇಸರದಲ್ಲಿ ಅರ್ಧ ಆ ಕೋಣೆಯದ್ದೇ.

ಇನ್ನು ಸ್ನೇಹ. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದಿರುವುದು ಕನ್ನಡದವರಿದ್ದರೆ ಸಾಕು ಅನ್ನುವ ಲೆಕ್ಕ. ಒಬ್ಬ ಫುಡ್ ಡೆಲಿವರಿ, ಒಬ್ಬ ನರ್ಸು, ಒಬ್ಬ ಹೋಟೆಲು, ಮೂವರ ಪಾಳಿಯೂ ಬೇರೆ. ಒಂದೇ ಸೂರಿನಡಿ ಇದ್ದರೂ ವಾರಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ಪರ್ಮಿಟ್ಟು ಮುಗಿದಾಗ, ಜರ್ಮನಿ, ಐರ್ಲೆಂಡ್ ಕಡೆ ಕೆಲಸ ಸಿಕ್ಕಾಗ ಹೊರಟೇಬಿಡುತ್ತಾರೆ. ಕನ್ನಡದ ಗೆಳೆಯರನ್ನು ಭಾನುವಾರದ ಅಡಿಗೆಗೆ ಕರೆಯಿರಿ, ಮನಸಾರೆ ಮಾತಾಡಿ. ವಾರದ ಉಳಿದ ದಿನಗಳಿಗೆ ಇಲ್ಲೇ ಉಳಿಯುವವರ ಪರಿಚಯ ಬೇಕು. 2021ರ ಜನಗಣತಿಯಲ್ಲಿ ಐದು ಲಕ್ಷ ಚಿಲ್ಲರೆ ಜನರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ವಿದೇಶಿಯರಿದ್ದರು. ಹಾಗಾಗಿ ಹೊರಗಿನವರು ಇಲ್ಲಿ ಯಾರಿಗೂ ಹೊಸಬರಲ್ಲ, ಅದೇ ಕಾರಣಕ್ಕೆ ಯಾರೂ ತಾವಾಗಿ ಬಂದು ಮಾತಾಡಿಸುವುದೂ ಇಲ್ಲ. ನೀವೇ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ಮತ್ತೆ ಮತ್ತೆ ಹೋಗಬೇಕು.

ಅಂಥ ಜಾಗಗಳಲ್ಲಿ ಮೊದಲನೆಯದು ಊರಿನ ಬ್ಯಾಂಡ್ ಕ್ಲಬ್, ಅಂದರೆ ವಾದ್ಯದವರ ಸಂಘ, ಇಲ್ಲಿನವರ ಬಾಯಲ್ಲಿ ಕಜೀನ್. ಪ್ರತಿ ಊರಿಗೂ ಒಬ್ಬ ಸಂತ, ಆ ಸಂತನಿಗೆ ಹೆಚ್ಚಾಗಿ ಬೇಸಿಗೆಯಲ್ಲಿ ಫೆಸ್ತಾ ಅನ್ನುವ ಊರಹಬ್ಬ, ಅದನ್ನು ನಡೆಸುವುದರಲ್ಲಿ ಈ ಕ್ಲಬ್ಬಿನದೇ ಮುಂದಾಳತ್ವ. ಕೆಳಗಡೆ ಬಾರು ಇರುತ್ತದೆ, ಯಾರು ಬೇಕಾದರೂ ಕೂರಬಹುದು. ಕುಡಿಯಲೇಬೇಕು ಅಂತಿಲ್ಲ. ಗಾಜಿನ ಲೋಟದಲ್ಲಿ ಡಬ್ಬದ ಹಾಲು ಹಾಕಿದ ಗಟ್ಟಿ ಚಹಾ, ಜೊತೆಗೆ ಬಟಾಣಿ ತುಂಬಿದ ಪಸ್ತಿತ್ಸಿ ಕೇಳಿ. ಪಸ್ತಿತ್ಸಿಯ ಹಿಟ್ಟಿಗೆ ಹಂದಿ ಕೊಬ್ಬು ಹಾಕುವವರಿದ್ದಾರೆ, ಸಸ್ಯಾಹಾರಿಯಾದರೆ ವಿಚಾರಿಸಿ. ಫೆಸ್ತಾಕ್ಕೆ ಕೆಲವು ವಾರ ಮುಂಚೆ ಬೀದಿಗೆ ಕಂಬ, ಬಾವುಟ, ದೀಪ ಕಟ್ಟಲು ಕೈ ಬೇಕಾಗಿರುತ್ತದೆ. ಆಗ ಹೋಗಿ ಏಣಿ ಹಿಡಿಯಿರಿ. ನಮ್ಮೂರಿನ ರಥೋತ್ಸವಕ್ಕೆ ಚಪ್ಪರ ಹಾಕುವಾಗ ನಿಂತವರನ್ನು ಊರು ಮರೆಯುತ್ತದೆಯೇ? ಇಲ್ಲೂ ಮರೆಯುವುದಿಲ್ಲ. ಒಂದೇ ಎಚ್ಚರಿಕೆ: ಹಮ್ರುನ್‌ನಂಥ ಕೆಲವು ಊರುಗಳಲ್ಲಿ ಎದುರಾಳಿ ಕ್ಲಬ್ಬುಗಳಿವೆ. ಒಂದರಲ್ಲಿ ಕೂತು ಇನ್ನೊಂದರ ಪಟಾಕಿ ಹೊಗಳಬೇಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಸಮುದ್ರ. ಬಂಡೆಗಳ ಮೇಲೆ ಅವೇ ಕುಟುಂಬಗಳು ಅದೇ ಜಾಗದಲ್ಲಿ ಕುರ್ಚಿ ಹಾಕಿರುತ್ತವೆ. ಕಾಲಿಗೆ ರಬ್ಬರಿನ ಚಪ್ಪಲಿ ಇರಲಿ, ಮುಳ್ಳಿನ ಸಮುದ್ರಜೀವಿಗಳಿರುತ್ತವೆ. ಜೆಲ್ಲಿ ಮೀನು ಕುಟುಕಿದರೆ ಉಜ್ಜಬೇಡಿ, ಸಮುದ್ರದ ನೀರಲ್ಲೇ ತೊಳೆಯಿರಿ, ಸಿಹಿನೀರು ಬೇಡ. ಕ್ರಿಕೆಟ್ ಆಡುವವರಾದರೆ ಮಾರ್ಸಾದ ಮೈದಾನ ಇದೆ. ಸರ್ಕಾರದ ‘ಐ ಬಿಲಾಂಗ್’ ಕಾರ್ಯಕ್ರಮದಲ್ಲಿ ಮಾಲ್ಟೀಸ್ ಕಲಿಸುತ್ತಾರೆ. ಇಂಗ್ಲಿಷ್ ಸಾಕಾಗುವ ದೇಶದಲ್ಲಿ ಯಾಕೆ ಅಂತ ಕೈಬಿಡಬೇಡಿ, ಅದೇ ತರಗತಿಯಲ್ಲಿ ನಿಮ್ಮಷ್ಟೇ ಒಂಟಿಯಾಗಿರುವ ಹತ್ತು ದೇಶದ ಜನ ಸಿಗುತ್ತಾರೆ.

ನೆರೆಯವರ ಜೊತೆಗಿನ ಸಂಬಂಧ ಕಸದ ಚೀಲದಿಂದ ಶುರುವಾಗುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಬಿಳಿ ಚೀಲದಲ್ಲಿ ಹಸಿ ಕಸ. ಮಂಗಳವಾರ, ಶನಿವಾರ ಕಪ್ಪು ಚೀಲದಲ್ಲಿ ಉಳಿದ ಕಸ. ಗುರುವಾರ ಮರುಬಳಕೆಯದ್ದು. ತಪ್ಪು ದಿನ ಇಟ್ಟ ಚೀಲ ಬಾಗಿಲಲ್ಲೇ ಉಳಿದು, ಇಡೀ ಬೀದಿಗೆ ಅದು ಯಾವ ಮನೆಯದ್ದು ಅಂತ ಗೊತ್ತಾಗುತ್ತದೆ.

ಮನೆ ಎಲ್ಲಿ ಹಿಡಿಯಬೇಕು ಅಂದರೆ ಕೆಲಸದಿಂದ ಒಂದೇ ಬಸ್ಸಿನ ದೂರದಲ್ಲಿ. ದೇಶ 316 ಚದರ ಕಿಲೋಮೀಟರ್ ಅಷ್ಟೇ, ಆದರೂ ಬೆಳಗಿನ ಟ್ರಾಫಿಕ್ಕಿನಲ್ಲಿ ಬುಜಿಬ್ಬಾದಿಂದ ಸ್ಲೀಮಾಕ್ಕೆ ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಪಾಳಿ ಮುಗಿಸಿ ಎರಡು ಬಸ್ಸು ಬದಲಿಸಿ ಬಂದವರಿಗೆ ಯಾವ ಕಜೀನೂ ಬೇಡ, ಹಾಸಿಗೆ ಬೇಕು. ನಿಮ್ಮ ಹೆಸರಿನ ತಲ್ಲಿನ್ಯ ಅನ್ನುವ ಬಸ್ ಕಾರ್ಡು ಮಾಡಿಸಿದ್ದರೆ ಬಸ್ಸು ಉಚಿತ, 2022ರ ಅಕ್ಟೋಬರ್‌ನಿಂದ. ಆ ಮೂವರ ಮನೆ ನಿಮ್ಮ ಕೆಲಸಕ್ಕೆ ಹತ್ತಿರ ಇದ್ದು, ಕೋಣೆಗೆ ನಿಮ್ಮ ಹೆಸರಲ್ಲೇ ಕರಾರು ಕೊಡುವುದಾದರೆ, ಅವರ ಕಳೆದ ಚಳಿಗಾಲದ ಬಿಲ್ಲು ಒಂದು ಕೇಳಿ ನೋಡಿ. ಅದರಲ್ಲಿ ರೆಸಿಡೆನ್ಷಿಯಲ್ ಅಂತಿದ್ದು ಜನಸಂಖ್ಯೆ ಮೂರು ಅಂತ ಇದ್ದರೆ ಸೇರಿಕೊಳ್ಳಿ. ಸೇರಿದ ವಾರವೇ ನಾಲ್ಕು ಅಂತ ತಿದ್ದಿಸಿ, ವಾಸದ ಕಾರ್ಡಿನ ವಿಳಾಸವನ್ನೂ ಬದಲಿಸಿಕೊಳ್ಳಿ.