ನರಿಗೆ ವಿಷ ಇಡಬೇಡಿ ಅಣ್ಣಾರ

ಅಣ್ಣಾರ, ಆಳಂದ ಕಡೆ ನಿಮ್ಮ ತೊಗರಿ ಹೊಲದ ಬದುವಿನಲ್ಲಿ ರಾತ್ರಿ ನರಿ ಊಳಿಡುತ್ತವೆ, ಎರಡು ಕುರಿಮರಿ ಹೋದವು, ವಿಷ ಇಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಅದನ್ನ ನಿಮ್ಮದೇ ನಾಯಿ ತಿನ್ನಬಹುದು, ನವಿಲು ತಿನ್ನಬಹುದು. ನರಿ, ತೋಳ ಎರಡನ್ನೂ ಕೊಲ್ಲೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬೇಲಿಗೆ ಕರೆಂಟ್ ಕೊಟ್ಟರಂತೂ ಮನುಷ್ಯರೇ ಸಾಯುತ್ತಾರೆ.

ಬಂದಿದ್ದು ಯಾವ ಪ್ರಾಣಿ ಅಂತ ಮೊದಲು ನೋಡಿ. ಎಷ್ಟೋ ಸಲ ಅದು ಬೀದಿನಾಯಿಗಳ ಕೆಲಸ. ನರಿ ಜಾಸ್ತಿ ತಿನ್ನೋದು ಇಲಿ, ಬೋರೆಹಣ್ಣು, ಸತ್ತ ದನ. ಹೊಲದಲ್ಲಿ ಇಲಿ ಕಡಿಮೆಯಾದರೆ ನಮಗೇ ಒಳ್ಳೇದು ಅಲ್ವಾ?

ನಮ್ಮ ಕುರಿ ದಡ್ಡಿಯಲ್ಲೂ ಒಂದು ಮರಿ ಹೋಗಿತ್ತು. ಬೆಳಿಗ್ಗೆ ನೋಡಿದರೆ ಬಲೆಯ ಕೆಳಗೆ ಗೇಣಗಲ ಸಂದು, ಅದರ ಅಂಚಿಗೆ ಕೂದಲು ಸಿಕ್ಕಿಕೊಂಡಿತ್ತು. ಸುತ್ತ ಜಾಲಿಮುಳ್ಳು ಒತ್ತಿ ಹಾಕಿದೆವು, ಮರಿಗಳನ್ನ ನಡುವೆ ಬುಟ್ಟಿಯಡಿ ಮುಚ್ಚಿದೆವು. ಆಮೇಲೆ ಒಂದೂ ಹೋಗಿಲ್ಲ. ಸತ್ತ ಕುರಿಯನ್ನ ದಡ್ಡಿ ಹತ್ತಿರ ಬಿಸಾಡಬೇಡಿ, ಆ ವಾಸನೆಗೇ ಬರುತ್ತವೆ.

ಮತ್ತೆ ಮರಿ ಸತ್ತರೆ ಕದಲಿಸದೆ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೆ ಹೇಳಿ, ಪರಿಹಾರ ಕೇಳಿ. ಯಾರಿಗಾದರೂ ಕಚ್ಚಿದರೆ 15 ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ರೇಬೀಸ್ ಚುಚ್ಚುಮದ್ದು ಹಾಕಿಸಿ.